ಮೀಸೆಯಿಲ್ಲದ ಮತ

ನಗರಸಭೆಯವರು ಒಂದೇ ಮಧ್ಯಾಹ್ನ ಮೂರು ವಿಷಯಗಳನ್ನು ತೀರ್ಮಾನಿಸುವುದಾಗಿ ಸಾರಿದಾಗ ಊರಿನವರು ನಂಬಲಿಲ್ಲ. ಒಡೆದುಹೋದ ಒಂದು ಚರಂಡಿ ಮುಚ್ಚಳದ ವಿಚಾರವನ್ನು ಎರಡು ಮಳೆಗಾಲ ಎಳೆದಾಡಿ, ಕೊನೆಗೆ ಮುಚ್ಚಳವೇ ಕಳುವಾದ ಮೇಲೆ ಸಮಾಧಾನದಿಂದ ಕೈಬಿಟ್ಟ ಸಭೆ ಅದು. ಈಗ ಊರಂಚಿನಲ್ಲಿ ಹೊಸ ಮನೆಗಳನ್ನು ಕಟ್ಟಬೇಕೇ, ಚೌಕದ ಹಳೆಯ ಸಾಲುಮನೆಗಳನ್ನು ಕೆಡವಿ ಅಲ್ಲಿ ಗಾಜಿನ ಮಳಿಗೆಗಳನ್ನು ಎಬ್ಬಿಸಬೇಕೇ, ಚೌಕದ ನಡುವೆ ಬಣ್ಣದ ದೀಪಗಳ ಕಾರಂಜಿ ಹಾಕಬೇಕೇ ಎಂಬ ಮೂರನ್ನೂ ಒಂದೇ ಕೂಟದಲ್ಲಿ ಮುಗಿಸುತ್ತಾರಂತೆ. ಇಷ್ಟು ಚುರುಕು ಸುಮ್ಮನೆ ಬರುವುದಿಲ್ಲ, ಯಾರದೋ ಹೊಟ್ಟೆ ಹಸಿದಿದೆ ಎಂದು ಜನ ಮಾತಾಡಿಕೊಂಡರು.

ಯಾರದೆಂಬುದೂ ಗುಟ್ಟಾಗಿರಲಿಲ್ಲ. ಸದಸ್ಯರಲ್ಲಿ ಒಬ್ಬ ಕೊಳವೆಗಳ ವ್ಯಾಪಾರಿ. ಅವನ ಕಣ್ಣಿಗೆ ಎಲ್ಲಿ ನೋಡಿದರೂ ನೀರು ಚಿಮ್ಮುವಂತೆ ಕಾಣುತ್ತಿತ್ತು. ಶಾಲೆಗೆ ಹಣ ಕೇಳಿದರೆ ಶಾಲೆಯ ಮುಂದೊಂದು ಕಾರಂಜಿ ಇರಲಿ ಎನ್ನುವನು. ಆಸ್ಪತ್ರೆಗೆ ಕೇಳಿದರೆ ಅಲ್ಲಿಯೂ ಒಂದು. ಸ್ಮಶಾನಕ್ಕೆ ಬೇಲಿ ಬೇಕೆಂದು ಕೇಳಿದ ದಿನ “ಸತ್ತವರಿಗೂ ಒಂದಿಷ್ಟು ತಂಪು ಬೇಡವಾ?” ಎಂದವನು ಅವನು. ಊರು ಅವನ ಹೆಸರನ್ನು ಮರೆತು ಅವನನ್ನು ಕಾರಂಜಿ ಎಂದೇ ಕರೆಯುತ್ತಿತ್ತು. ಅವನಿಗೂ ಅದು ಬಿರುದಿನಂತೆ ಕೇಳಿಸುತ್ತಿತ್ತು.

ಕೆಡವಬೇಕೆಂದಿದ್ದ ಸಾಲಿನ ಮೂಲೆಯ ಮನೆ ಕ್ಷೌರಿಕನದು. ಕೆಳಗೆ ಅಂಗಡಿ, ಮೇಲೆ ಮನೆ. ನಡುವೆ ಇದ್ದದ್ದು ಮರದ ಹಲಗೆಗಳ ನೆಲ. ಆ ಹಲಗೆಗಳ ಮೇಲೆ ಹೆಂಡತಿ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ನಡೆದು ನಡೆದು ಒಂದು ದಾರಿಯೇ ಸವೆದಿತ್ತು. ಮೇಲೆ ಅವಳ ಹೆಜ್ಜೆ ಕೇಳುತ್ತಾ ಕೆಳಗೆ ಅವನು ಗಡ್ಡ ಹೆರೆಯುವುದು. ಅದೇ ಅವರ ಸಂಸಾರ. ಹೆಜ್ಜೆ ಹಗುರವಾಗಿದ್ದರೆ ಮನಸ್ಸು ಚೆನ್ನಾಗಿದೆ, ಒತ್ತಿ ನಡೆದರೆ ಊಟದ ಹೊತ್ತಿನಲ್ಲಿ ತಲೆ ತಗ್ಗಿಸಿಕೊಂಡಿರುವುದು ಮೇಲು ಎಂದು ಅವನು ಲೆಕ್ಕ ಹಾಕುತ್ತಿದ್ದ. ಊಟಕ್ಕೆ ಕರೆಯಬೇಕಾದರೆ ಅವಳು ಕೂಗುತ್ತಿರಲಿಲ್ಲ. ಹಿಮ್ಮಡಿಯಿಂದ ಹಲಗೆಯನ್ನು ಎರಡು ಸಲ ಬಡಿಯುವಳು. ಅವನು ಕೆಳಗಿನಿಂದ “ಬಂದೆ ಕಣೇ” ಎನ್ನುವನು. ಅನ್ನದಿದ್ದರೆ ಮತ್ತೆ ಬಡಿಯುವಳು. ಆಗ ಮೇಲಿನ ಧೂಳು ಗಿರಾಕಿಯ ಸೋಪಿನ ನೊರೆಯ ಮೇಲೆ ಉದುರುವುದು.

ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕ್ಷೌರಿಕ ದೈವಭಕ್ತ. ಆದರೆ ಆ ಮೇಲೆ ಅವನ ಪ್ರಾರ್ಥನೆಯ ಧಾಟಿ ಬದಲಾಗಿತ್ತು. ಬೆಳಿಗ್ಗೆ ಚರ್ಮದ ಪಟ್ಟಿಯ ಮೇಲೆ ಕತ್ತಿ ಮಸೆಯುತ್ತಾ, ಬಾಕಿದಾರನನ್ನು ಬೀದಿಯಲ್ಲಿ ತಡೆದು ನಿಲ್ಲಿಸಿಕೊಂಡವನ ಹಾಗೆ ದೇವರನ್ನು ಮಾತಾಡಿಸುತ್ತಿದ್ದ.

“ಅವಳನ್ನ ಕರ್ಕೊಂಡೆ. ನನ್ನನ್ನ ಒಂದು ಮಾತು ಕೇಳಲಿಲ್ಲ. ಸರಿ, ನೀನು ಯಾರನ್ನೂ ಕೇಳೋನಲ್ಲ. ಈಗ ಅವಳು ನಡೆದ ನೆಲಾನೂ ಬೇಕಾ ನಿಂಗೆ? ನಿನಗೆ ಅಷ್ಟು ದೊಡ್ಡ ಆಕಾಶ ಇದೆಯಲ್ಲ, ಸಾಲದಾ?”

ಊರಂಚಿನಲ್ಲಿ ಕಟ್ಟುವ ಹೊಸ ಮನೆಗಳಲ್ಲಿ ಒಂದನ್ನು ಅವನಿಗೂ ಕೊಡುವುದಾಗಿ ನಗರಸಭೆ ಹೇಳಿತ್ತು. ಅಲ್ಲಿಯ ನೆಲ ಕನ್ನಡಿಯ ಹಾಗೆ ಹೊಳೆಯುತ್ತದಂತೆ. ಯಾರೂ ನಡೆಯದ ನೆಲ ಹೊಳೆಯದೆ ಇನ್ನೇನು ಮಾಡುತ್ತದೆ ಎಂದು ಕ್ಷೌರಿಕ ಕೇಳಿದ್ದ.

ಸಭೆಯ ದಿನ ಬೆಳಿಗ್ಗೆ ನಾದಿನಿ ಚಹಾದ ಲೋಟ ಹಿಡಿದು ಬಂದಳು. ಹೆಂಡತಿಯ ತಂಗಿ, ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅವಳ ಬಾಯಿಯಲ್ಲಿ ಸದಾ ಒಂದೆರಡು ಗುಂಡುಸೂಜಿ ಇರುತ್ತಿದ್ದವು. ಅವನ್ನು ತೆಗೆಯದೆಯೇ ಮಾತಾಡುವ ಅಭ್ಯಾಸ ಅವಳಿಗೆ. ಅದಕ್ಕೇ ಮಾತು ಅಷ್ಟು ಚುಚ್ಚುತ್ತದೆ ಎಂದು ಅಕ್ಕ ಹೇಳುತ್ತಿದ್ದಳು.

“ಭಾವ, ದೇವರನ್ನ ಬೈದು ಮುಗೀತಾ? ಚಹಾ ಆರ್ತಾ ಇದೆ.”

“ಬೈತಿಲ್ಲ. ಕೇಳ್ತಾ ಇದೀನಿ.”

“ಕತ್ತಿ ಹಿಡ್ಕೊಂಡು ಕೇಳಿದ್ರೆ ಯಾರು ತಾನೇ ಉತ್ತರ ಕೊಡ್ತಾರೆ? ಇವತ್ತು ಲೆಕ್ಕ ಎಷ್ಟಾಯ್ತು?”

ಲೆಕ್ಕ ಇಬ್ಬರಿಗೂ ಬಾಯಿಪಾಠವಾಗಿತ್ತು. ಕೆಡವಬೇಕು ಎನ್ನುವ ಸದಸ್ಯರು ಎಷ್ಟೋ, ಬೇಡ ಎನ್ನುವವರೂ ಅಷ್ಟೇ. ಅಧ್ಯಕ್ಷೆ, ಎರಡೂ ಕಡೆ ಸಮವಾದರೆ ಮಾತ್ರ ಕೈ ಎತ್ತುವವಳು, ಕೆಡವುವವರ ಕಡೆಗೇ ವಾಲಿದ್ದಳು. ಆದುದರಿಂದ ಎಲ್ಲವೂ ಬೇಡ ಎನ್ನುವವರ ಕಡೆ ಇನ್ನೂ ಒಂದು ಕೈ ಸಿಗುವುದರ ಮೇಲೆ ನಿಂತಿತ್ತು. ಆ ಕೈಯ ಒಡೆಯ ಬೇಡ ಎನ್ನುವುದಾಗಿ ಮಾತು ಕೊಟ್ಟಿದ್ದ. ಅವನನ್ನು ಊರು ಮೀಸೆ ಎನ್ನುತ್ತಿತ್ತು.

ಬೇರೆ ಏನೆನ್ನಲೂ ಬರುವಂತಿರಲಿಲ್ಲ. ಅವನ ಮುಖದಲ್ಲಿ ಮೊದಲು ಕಾಣುವುದು ಮೀಸೆ. ಸ್ವಲ್ಪ ಹೊತ್ತಾದ ಮೇಲೆ, ನೋಡುವವನಿಗೆ ಬಿಡುವಿದ್ದರೆ, ಮಿಕ್ಕ ಮುಖ. ತುದಿಗಳು ಕೆನ್ನೆ ದಾಟಿ ಮೇಲಕ್ಕೆ ಹೊರಳಿ, ಕಿವಿಗೆ ಏನೋ ಗುಟ್ಟು ಹೇಳಹೊರಟಂತೆ ನಿಂತಿರುತ್ತಿದ್ದವು. ಚುನಾವಣೆಯಲ್ಲಿ ಅವನ ಕಡೆಯವರು ಗೋಡೆಗಳ ಮೇಲೆ ಮುಖ ಬರೆಯುವ ಗೋಜಿಗೇ ಹೋಗದೆ ಬರೀ ಮೀಸೆಯನ್ನು ಬರೆಯುತ್ತಿದ್ದರು. ಜನ ಮೀಸೆಗೆ ಮತ ಹಾಕಿ ಮನೆಗೆ ಹೋಗುತ್ತಿದ್ದರು.

ನಾದಿನಿ ಲೋಟ ತೆಗೆದುಕೊಂಡು ಹೋದ ಸ್ವಲ್ಪ ಹೊತ್ತಿಗೆ ಮೀಸೆಯೇ ಬಂದು ಕುರ್ಚಿಯಲ್ಲಿ ಕುಳಿತ. ಸಭೆಗೆ ಮೊದಲು ತುದಿಗಳನ್ನು ಸರಿಮಾಡಿಸಿಕೊಳ್ಳಬೇಕಾಗಿತ್ತು.

“ಚೆನ್ನಾಗಿ ತೀಡಯ್ಯಾ. ಇವತ್ತು ಭಾಷಣ ಇದೆ. ‘ಈ ಗೋಡೆಗಳು ಬರೀ ಗೋಡೆಗಳಲ್ಲ’ ಅಂತ ಶುರು ಮಾಡ್ತೀನಿ. ಹೇಗಿದೆ?”

“ಮತ್ತೇನಂತೆ ಅವು?”

“ಅದನ್ನ ಇನ್ನೂ ಯೋಚನೆ ಮಾಡಿಲ್ಲ.”

ಕ್ಷೌರಿಕ ಬಿಳಿ ಬಟ್ಟೆ ಹೊದಿಸಿ, ನೊರೆ ಹಚ್ಚಿ, ಕತ್ತಿ ತೆಗೆದ. ಕತ್ತಿ ಮುಖದ ಮೇಲಿರುವಾಗ ಗಿರಾಕಿ ಮಾತಾಡಬಾರದೆಂಬುದು ಆ ಅಂಗಡಿಯ ನಿಯಮ. ಮೀಸೆ ರಾಜಕಾರಣಿಯಾದರೂ ಆ ನಿಯಮಕ್ಕೆ ತಲೆಬಾಗುತ್ತಿದ್ದ. ಊರಿನಲ್ಲಿ ಅವನು ಬಾಯಿ ಮುಚ್ಚಿಕೊಂಡು ಕೂರುವ ಜಾಗ ಅದೊಂದೇ. ಕ್ಷೌರಿಕ ಕೆನ್ನೆಗಳನ್ನು ಮುಗಿಸಿ, ಮೂಗಿನ ಕೆಳಗೆ ಮೀಸೆಯ ಮೇಲಂಚನ್ನು ಗೆರೆ ಎಳೆದಂತೆ ತಿದ್ದಲು ಬಗ್ಗಿದ. ಬಹಳ ನಾಜೂಕಾದ ಜಾಗ. ಉಸಿರು ಬಿಗಿಹಿಡಿದು ಮಾಡಬೇಕು.

ಆಗ ಮೇಲೆ ಯಾರೋ ನಡೆದರು.

ಒಲೆಯ ಕಡೆಯಿಂದ ಕಿಟಕಿಯ ಕಡೆಗೆ. ಹೆಣ್ಣಿನ ಹೆಜ್ಜೆ, ಹಗುರವಾದದ್ದು. ಕ್ಷೌರಿಕನ ಕೈ ನಿಂತಿತು. ಹೆಜ್ಜೆ ಕಿಟಕಿಯ ಹತ್ತಿರ ತಡೆದು ಮತ್ತೆ ಒಲೆಯ ಕಡೆಗೆ ಬಂತು. ಆಮೇಲೆ ಹಿಮ್ಮಡಿ ಹಲಗೆಯನ್ನು ಬಡಿಯಿತು: ಧಡ್, ಧಡ್.

“ಬಂದೆ ಕಣೇ!” ಎಂದು ಕ್ಷೌರಿಕ ಮೇಲೆ ನೋಡಿದ. ಮುಖ ಮೇಲೆ ಹೋಯಿತು, ಕೈ ಕೆಳಗೆ ಬಂತು.

ಗಾಯವೇನೂ ಆಗಲಿಲ್ಲ. ಅಷ್ಟು ವರ್ಷ ಪಳಗಿದ ಕೈ, ಮಾಲೀಕ ಬೇರೆ ಲೋಕದಲ್ಲಿದ್ದರೂ ಚರ್ಮವನ್ನು ಮುಟ್ಟದೆ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿತ್ತು. ಮೀಸೆಯ ಎಡಭಾಗ ಪೂರ್ತಿಯಾಗಿ, ತುದಿ ಹೊರಳಿದ್ದು ಹೊರಳಿದಂತೆಯೇ, ಬಿಳಿ ಬಟ್ಟೆಯ ಮೇಲೆ ಅಳಿಲಿನ ಮರಿಯ ಹಾಗೆ ಮಲಗಿತ್ತು.

ಮೀಸೆ ಅದನ್ನು ನೋಡಿದ. ಯಾರದೋ ಇರಬೇಕು ಎಂದುಕೊಂಡವನಂತೆ ಒಂದು ಗಳಿಗೆ ನೋಡಿದ. ಆಮೇಲೆ ಕನ್ನಡಿ ನೋಡಿದ.

“ಏನಯ್ಯಾ ಮಾಡಿದೆ! ಅಯ್ಯೋ ಪಾಪಿ, ಏನಯ್ಯಾ ಮಾಡಿದೆ!”

ಕ್ಷೌರಿಕ ಕತ್ತಿ ಹಿಡಿದುಕೊಂಡೇ ಮೇಲೆ ನೋಡುತ್ತಿದ್ದ. ಅಷ್ಟರಲ್ಲಿ ಹಿಂದಿನ ಮೆಟ್ಟಿಲು ಇಳಿದು ನಾದಿನಿ ಬಂದಳು. ಅವಳ ಹಿಂದೆ ಅಳತೆಯ ಪಟ್ಟಿ ಹಿಡಿದ ಒಬ್ಬ ಹುಡುಗಿ. ನಗರಸಭೆಯ ಇಂಜಿನಿಯರು.

“ಭಾವ, ನೀವು ಕತ್ತಿ ಹಿಡಿದಿದ್ರಲ್ಲಾ ಅಂತ ನಿಮ್ಮನ್ನ ಕರೀಲಿಲ್ಲ, ನನ್ನ ಹತ್ರ ಇದ್ದ ಬೀಗದಕೈಲೇ ಬಾಗಿಲು ತೆಗೆದೆ,” ಎಂದಳು ನಾದಿನಿ. “ಸಭೆಗೆ ಮುಂಚೆ ಮೇಲಿನ ನೆಲ ಹೇಗಿದೆ ಅಂತ ಇವರು ನೋಡ್ಬೇಕಂತೆ.”

“ಹಲಗೆ ಟೊಳ್ಳಾಗಿದ್ಯಾ ಅಂತ ಹಿಮ್ಮಡೀಲಿ ತಟ್ಟಿ ನೋಡಿದೆ,” ಎಂದಳು ಇಂಜಿನಿಯರು. “ಗಟ್ಟಿಯಾಗೇ ಇದೆ. ಆದ್ರೆ ಯಾರೋ ಕೆಳಗಿಂದ ಬಂದೆ ಅಂದ್ರು. ಯಾರೂ ಬರಲಿಲ್ಲ.”

ನಾದಿನಿ ಭಾವನ ಮುಖ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. ಬಾಯಿಂದ ಗುಂಡುಸೂಜಿಗಳನ್ನು ತೆಗೆದಳು. ಅಷ್ಟರಲ್ಲಿ ಅವಳ ಕಣ್ಣು ಕುರ್ಚಿಯ ಕಡೆಗೆ ಹೋಯಿತು. ಅಳಬೇಕಾದ ಹೊತ್ತಿನಲ್ಲಿ ಅವಳಿಗೆ ನಗು ಬಂತು. ತಡೆಯಲು ಹೋಗಿ ಇನ್ನೂ ಜೋರಾಗಿ ಬಂತು.

“ನಗ್ತೀಯೇನಮ್ಮಾ? ನನ್ನ ರಾಜಕೀಯ ಜೀವನ ಇಲ್ಲಿ ಬಟ್ಟೆ ಮೇಲೆ ಬಿದ್ದಿದೆ!”

“ಅರ್ಧ ಜೀವನ ಇನ್ನೂ ಇದೆಯಲ್ಲಣ್ಣಾ. ಬೇಕಾದ್ರೆ ಬಿದ್ದಿದ್ದನ್ನ ನಾನು ಹೊಲಿದು ಕೊಡ್ತೀನಿ. ಒಳ್ಳೇ ದಾರ ಇದೆ.”

ಇಂಜಿನಿಯರು ಹುಡುಗಿ ತನಗೆ ಬೇರೆಡೆ ತುಂಬ ಕೆಲಸವಿರುವುದನ್ನು ಆಗಲೇ ನೆನಪು ಮಾಡಿಕೊಂಡು ಹೊರಟುಹೋದಳು.

ಮೀಸೆ ಬಟ್ಟೆಯನ್ನು ಮೂಗಿನವರೆಗೆ ಎಳೆದುಕೊಂಡು ಕೂತ. ಸಭೆಗೆ ಹೋಗುವುದಿಲ್ಲ ಎಂದ. ಅರ್ಧ ಮೀಸೆಯಲ್ಲಿ ಹೋದರೆ ಊರು ನಗುತ್ತದೆ. ಪೂರ್ತಿ ತೆಗೆಸಿಕೊಂಡು ಹೋದರೆ ಊರಿಗೆ ತಾನು ಯಾರೆಂದೇ ಗೊತ್ತಾಗುವುದಿಲ್ಲ. ಜ್ವರವೆಂದು ಹೇಳಿಕಳಿಸಿ, ಅದು ಬೆಳೆಯುವ ತನಕ ಮನೆಯೊಳಗೇ ಇದ್ದುಬಿಡುತ್ತೇನೆ ಎಂದ.

“ನೀವು ಹೋಗದಿದ್ರೆ ಈ ಸಾಲು ಹೋಯ್ತು,” ಎಂದಳು ನಾದಿನಿ.

“ಸಾಲು ಹೋದ್ರೆ ಇನ್ನೊಂದು ಕಟ್ಟಬಹುದು. ಇದನ್ನ ಕಟ್ಟೋಕಾಗತ್ತಾ? ಇಪ್ಪತ್ತು ವರ್ಷದ್ದು!”

ಕ್ಷೌರಿಕ ಕತ್ತಿಯನ್ನು ಒರೆಸಿ ಮಡಿಸಿಟ್ಟ. ಸಾಲುಮನೆಗಳನ್ನು ಉಳಿಸಬೇಕಾಗಿದ್ದ ಒಂದೇ ಒಂದು ಕೈಯನ್ನು ತನ್ನ ಕೈಯಿಂದಲೇ ಕತ್ತರಿಸಿ ಹಾಕಿದ್ದೇನೆಂಬುದು ಆಗ ಅವನಿಗೆ ಸ್ಪಷ್ಟವಾಯಿತು. ಕುರ್ಚಿಯ ಎದುರಿನ ಬೆಂಚಿನ ಮೇಲೆ ಕುಳಿತುಕೊಂಡ.

“ಅವಳು ಕರೆದ ಹಾಗಾಯ್ತು,” ಎಂದ.

ಮೀಸೆ ಬಟ್ಟೆಯ ಅಂಚಿನ ಮೇಲಿನಿಂದ ಅವನನ್ನು ನೋಡಿದ.

“ಊಟಕ್ಕೆ ಹಾಗೇ ಕರೀತಿದ್ಲು. ಎರಡು ಸಲ ಬಡಿಯೋಳು.”

“ಅದಕ್ಕೆ ಬಂದೆ ಅನ್ನಬೇಕೇನಯ್ಯಾ? ಸತ್ತವರು ಕರೆದ್ರೆ ಹಾಗೆಲ್ಲಾ ಒಪ್ಕೋಬಾರದು.”

“ಸತ್ತಿದಾಳೆ ಅನ್ನೋದು ಆಗ ನೆನಪಾಗಲಿಲ್ಲ. ಬಾಯಿಗೆ ಅಭ್ಯಾಸ.”

ಮೀಸೆ ದಡ್ಡನೇ ಇರಬಹುದು, ಜಂಬದವನಂತೂ ಹೌದು. ಆದರೆ ಅವನಿಗೂ ಒಬ್ಬಳು ಹೆಂಡತಿ ಇದ್ದಳು. ಅವಳೂ ದಿನಕ್ಕೆ ಹತ್ತು ಸಲ ಅವನನ್ನು ಕರೆಯುತ್ತಿದ್ದಳು. ಅವನು ಪತ್ರಿಕೆಯಿಂದ ತಲೆ ಎತ್ತದೆ ಹೂಂ ಎನ್ನುತ್ತಿದ್ದ. ಅವನು ಬಟ್ಟೆಯನ್ನು ಕೆಳಕ್ಕೆ ಸರಿಸಿ, ತಲೆಯನ್ನು ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿಕೊಂಡ.

“ತೆಗಿ,” ಎಂದ. “ಆ ಕಡೇದನ್ನೂ ತೆಗಿ. ಬೇಗ ತೆಗೀ ಮಾರಾಯಾ, ಮನಸ್ಸು ಬದಲಾಗೋಕೆ ಮುಂಚೆ. ಇವಳಿಗೆ ನಗಬೇಡ ಅಂತ ಹೇಳು.”

ನಗರಸಭೆಯ ಕಟ್ಟಡದಲ್ಲಿ ಎರಡು ಬಾಗಿಲು. ಒಂದು ಸದಸ್ಯರಿಗೆ, ಇನ್ನೊಂದು ಪ್ರಜೆಗಳಿಗೆ. ಮಧ್ಯಾಹ್ನ ಮೂವರೂ ಅಲ್ಲಿಗೆ ಹೋದಾಗ ಸದಸ್ಯರ ಬಾಗಿಲಿನ ಕಾವಲುಗಾರ ಮೀಸೆಗೆ ಅಡ್ಡ ನಿಂತ.

“ಪ್ರಜೆಗಳಿಗೆ ಆ ಕಡೆ.”

“ನಾನು ಸದಸ್ಯ ಕಣಯ್ಯಾ!”

“ಎಲ್ಲರೂ ಹಾಗೇ ಅಂತಾರೆ.”

“ದಿನಾ ನನಗೆ ಎದ್ದು ನಿಂತು ಸಲಾಮು ಹೊಡೀತೀಯಲ್ಲೋ!”

ಕಾವಲುಗಾರ ಆ ಮುಖವನ್ನು ಎರಡು ಕಡೆಯಿಂದಲೂ ನೋಡಿದ. “ನಾನು ಹೊಡೆಯೋದು ಮೀಸೆಯವರಿಗೆ,” ಎಂದ.

ಕೊನೆಗೆ ಸದಸ್ಯ ಪ್ರಜೆಗಳ ಬಾಗಿಲಿನಿಂದಲೇ ಒಳಗೆ ಹೋದ. ಹಲವು ವರ್ಷಗಳಲ್ಲಿ ಮೊದಲ ಸಲ. ಕ್ಷೌರಿಕ ಮತ್ತು ನಾದಿನಿ ಜನ ಕೂರುವ ಹಿಂದಿನ ಬೆಂಚಿನಲ್ಲಿ ಕುಳಿತರು. ಅವನು ಮುಂದೆ ಹೋಗಿ ತನ್ನ ಕುರ್ಚಿಯಲ್ಲಿ ಕುಳಿತ. ಸಭೆಯಲ್ಲಿ ಗುಸುಗುಸು ಎದ್ದಿತು.

ಅಧ್ಯಕ್ಷೆ ವೃತ್ತಿಯಿಂದ ಹಲ್ಲಿನ ವೈದ್ಯೆ. ಬಾಯಿ ಅಗಲ ತೆರೆಸಿ, ಅದರೊಳಗೆ ಸಲಕರಣೆ ಇಟ್ಟು, ಆಮೇಲೆ ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳುವುದು ಅವಳ ಪದ್ಧತಿ. ಸಭೆಯನ್ನೂ ಹಾಗೆಯೇ ನಡೆಸುತ್ತಿದ್ದಳು. ಅವಳು ಕನ್ನಡಕ ಸರಿಮಾಡಿಕೊಂಡು ಕೇಳಿದಳು:

“ತಾವು ಯಾರು?”

“ಏನು ಡಾಕ್ಟ್ರೇ, ಹೋದ ವಾರ ತಾನೇ ನನ್ನ ದವಡೆ ಹಲ್ಲು ಕಿತ್ರಲ್ಲ!”

“ಬಾಯಿ ತೆಗೀರಿ. ಹಲ್ಲು ನೋಡಿದ್ರೆ ಗೊತ್ತಾಗತ್ತೆ.”

ಕಾರಂಜಿ ಧಡಕ್ಕನೆ ಎದ್ದು ನಿಂತ. ಬಂದವನು ಮೀಸೆಯೇ ಎಂದು ಅವನಿಗೆ ಮೊದಲ ನೋಟಕ್ಕೇ ಗೊತ್ತಾಗಿತ್ತು. ಒಂದೇ ಮೇಜಿನಲ್ಲಿ ಎಷ್ಟೋ ಸಲ ಉಂಡವರು. ಆದರೆ ಎದುರುಪಕ್ಷದ ಒಂದು ಕೈ ತಾನಾಗಿಯೇ ಕಡಿಮೆಯಾಗುವುದಾದರೆ ಗುರುತು ಹಿಡಿಯುವ ಅವಸರ ಯಾರಿಗಿದೆ?

“ಅಧ್ಯಕ್ಷರೇ, ಇದು ಸಭೆ, ಆಸ್ಪತ್ರೆ ಅಲ್ಲ. ಬಾಯೊಳಗೆ ನೋಡಿ ಸದಸ್ಯರನ್ನ ಗುರುತಿಸೋ ಪದ್ಧತಿ ನಮ್ಮಲ್ಲಿಲ್ಲ. ಆ ಕುರ್ಚಿ ಮೀಸೆಯವರದ್ದು. ಅಲ್ಲಿ ಕೂತಿರೋರಿಗೆ ಮೀಸೆ ಇಲ್ಲ. ಇನ್ನೇನು ಸಾಕ್ಷಿ ಬೇಕು? ಮತಕ್ಕೆ ಹಾಕಿ.”

ಹೀಗಾಗಿ ಅವನು ಅವನೇ ಹೌದೋ ಅಲ್ಲವೋ ಎಂಬುದು ಮತಕ್ಕೆ ಬಂತು. “ನನ್ನ ಪರವಾಗಿ ನಾನು ಕೈ ಎತ್ತಬಹುದಾ?” ಎಂದು ಮೀಸೆ ಕೇಳಿದ. “ನೀವು ನೀವೇ ಅಂತ ತೀರ್ಮಾನ ಆದ ಮೇಲೆ ಎತ್ತಬಹುದು,” ಎಂದಳು ಅಧ್ಯಕ್ಷೆ. ಕೈಗಳು ಎದ್ದವು. ಎರಡು ಕಡೆಯೂ ಸಮ. ಈಗ ತೀರ್ಪು ಅಧ್ಯಕ್ಷೆಯ ಕೈಯಲ್ಲಿತ್ತು. ಅವಳು ಕೆಡವುವವರ ಕಡೆಯವಳೇ ಆದರೂ, ತಾನೇ ಹಲ್ಲು ಕಿತ್ತ ಮನುಷ್ಯನನ್ನು ಇಲ್ಲವೆನ್ನಲು ಅವಳ ಮನಸ್ಸಾಕ್ಷಿ ಸ್ವಲ್ಪ ಹಿಂಜರಿಯಿತು.

“ಇವರ ಮೀಸೆ ಹೇಗೆ ಹೋಯ್ತು ಅಂತ ಹೇಳೋರು ಯಾರಾದ್ರೂ ಇದಾರಾ?”

ಹಿಂದಿನ ಬೆಂಚಿನಿಂದ ಕ್ಷೌರಿಕ ಎದ್ದ. ತುಂಬಿದ ಸಭೆಯಲ್ಲಿ ಅವನು ಎಂದೂ ಮಾತಾಡಿದವನಲ್ಲ. ಗಿರಾಕಿಗಳ ಬೆನ್ನ ಹಿಂದೆ ನಿಂತು ಮಾತಾಡಿ ರೂಢಿ. ಎದುರಿನಿಂದ ಇಷ್ಟೊಂದು ಮುಖಗಳು ನೋಡಿದಾಗ ಮುಂದಿನ ಬೆಂಚನ್ನು ಹಿಡಿದುಕೊಂಡ.

“ನಾನೇ ತೆಗೆದದ್ದು,” ಎಂದ. “ಬೇಕು ಅಂತ ಅಲ್ಲ. ಕೈ ತಪ್ಪಿತು.”

“ಹೇಗೆ ತಪ್ಪಿತು?”

ನಾದಿನಿ ಅವನ ಅಂಗಿಯ ತುದಿ ಹಿಡಿದು ಎಳೆದಳು. ಎಲ್ಲವನ್ನೂ ಹೇಳಬೇಡಿ ಎಂದು ಪಿಸುಗುಟ್ಟಿದಳು. ಆದರೆ ಸುಳ್ಳು ಹೇಳಬೇಕೆಂದರೆ ಅವನಿಗೆ ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ.

“ಮೇಲಿನಿಂದ ನನ್ನ ಹೆಂಡತಿ ಕರೆದಳು. ನಾನು ಬಂದೆ ಅಂದೆ. ಮೇಲೆ ನೋಡಿದೆ. ಆಗ ತಪ್ಪಿತು.”

ಅವನ ಹೆಂಡತಿ ಸತ್ತದ್ದು ಸಭೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅರ್ಧ ಮಂದಿ ಮಣ್ಣಿಗೂ ಬಂದಿದ್ದರು. ಯಾರೋ ಕಿಸಕ್ಕನೆ ನಕ್ಕು ತಕ್ಷಣ ಕೆಮ್ಮಿದರು.

“ಕೇಳಿದ್ರಾ?” ಎಂದ ಕಾರಂಜಿ. “ಆ ಸಾಲಿನಲ್ಲಿ ದೆವ್ವ ಇದೆ. ಇದಕ್ಕಿಂತ ಬಲವಾದ ಕಾರಣ ಬೇಕಾ ಕೆಡವೋದಕ್ಕೆ?”

“ದೆವ್ವ ಅಲ್ಲ, ನಿಮ್ಮ ಇಂಜಿನಿಯರು!” ಎಂದು ನಾದಿನಿ ಅಲ್ಲಿಂದಲೇ ಕೂಗಿದಳು. “ನೆಲ ಗಟ್ಟಿಯಿದೆ ಅಂತ ತಾನೇ ಹೇಳಿ ಹೋದ್ಲು!”

ಕ್ಷೌರಿಕ ಇನ್ನೂ ನಿಂತೇ ಇದ್ದ. ಕುಳಿತುಕೊಳ್ಳಬಹುದೆಂದು ಯಾರೂ ಹೇಳದ ಕಾರಣ ಮುಂದುವರಿಸಿದ.

“ಅವಳು ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಆದ್ರೆ ಆ ಗಳಿಗೆ ಅವಳೇ. ನನಗೆ ಇನ್ನೇನೂ ಬೇಡ. ಕಿವಿಗೆ ಅಷ್ಟು ಮೋಸ ಮಾಡೋ ಮನೆ ಬೇರೆ ಎಲ್ಲೂ ಸಿಗಲ್ಲ. ಹೊಸ ಮನೆ ಚೆನ್ನಾಗಿರಬಹುದು. ಅಲ್ಲಿ ನಾನು ತಪ್ಪು ತಿಳಿಯೋದಕ್ಕೂ ಆಗಲ್ಲ.”

ಸಭೆ ನಿಶ್ಶಬ್ದವಾಯಿತು. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿದಳು. ಆ ನಿಶ್ಶಬ್ದ ಇನ್ನು ಸ್ವಲ್ಪ ಹೊತ್ತು ಉಳಿದಿದ್ದರೆ ಏನಾದರೊಂದು ಒಳ್ಳೆಯದು ನಡೆದುಬಿಡುತ್ತಿತ್ತೇನೋ. ಆದರೆ ಅದು ನಗರಸಭೆ. ಮೂಲೆಯಲ್ಲಿದ್ದ ಒಬ್ಬ ಸದಸ್ಯ, ಚಹಾ ಯಾವಾಗ ಬರುತ್ತದೆ ಎಂದು ಕೇಳಿದ. ಅಲ್ಲಿಗೆ ಎಲ್ಲರೂ ಮತ್ತೆ ತಾವು ತಾವೇ ಆದರು.

ಆಗ ಮೀಸೆ ತನ್ನ ಕುರ್ಚಿಯಿಂದೆದ್ದು ಕಾರಂಜಿಯ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ. ಕಾರಂಜಿ ಹುಬ್ಬೇರಿಸಿದ. ಮೀಸೆ ಮತ್ತೂ ಏನೋ ಹೇಳಿದ. ಕಾರಂಜಿ ಕೈಬೆರಳಿನಿಂದ ಗಾಳಿಯಲ್ಲಿ ಮೇಲಕ್ಕೆ ಚಿಮ್ಮುವಂತೆ ತೋರಿಸಿದ. ಮೀಸೆ ತಲೆಯಾಡಿಸಿದ. ಕಾರಂಜಿ ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ತೋಳು ಚಾಚಿದ.

“ಅಯ್ಯೋ, ನೀವಾ! ಈಗ ನೋಡಿ ಮುಖ ನೆನಪಾಯ್ತು! ಅಧ್ಯಕ್ಷರೇ, ಇವರನ್ನ ನಾನು ಎಷ್ಟು ವರ್ಷದಿಂದ ಬಲ್ಲೆ. ಮೀಸೆ ಇರಲಿ, ಬಿಡಲಿ, ಮನುಷ್ಯ ಅದೇ ಚಿನ್ನ!”

ಅಲ್ಲಿಂದ ಮುಂದೆ ಎಲ್ಲವೂ ಸರಸರನೆ ನಡೆಯಿತು. ಸಾಲುಮನೆಗಳನ್ನು ಕೆಡವುವುದಕ್ಕೆ ಕೈಗಳು ಎದ್ದವು, ಬೇಡವೆನ್ನುವುದಕ್ಕೆ ಕೈಗಳು ಎದ್ದವು. ಮೀಸೆಯಿಲ್ಲದ ಮೀಸೆಯ ಕೈ ಬೇಡದ ಕಡೆ ಎದ್ದದ್ದರಿಂದ ಒಂದೇ ಒಂದು ಮತದ ಮೇಲೆ ಸಾಲು ಉಳಿಯಿತು. ಕಾರಂಜಿಯ ವಿಚಾರ ಬಂದಾಗ ಅದೇ ಕೈ ಕಾರಂಜಿಗೂ ಎದ್ದಿತು. ಚೌಕದ ನಡುವೆ, ಬಣ್ಣದ ದೀಪಗಳೊಂದಿಗೆ, ಕೊಳವೆಗಳನ್ನು ಯಾರಿಂದ ಕೊಳ್ಳಬೇಕೆಂಬುದನ್ನು ಮುಂದೆ ಯೋಚಿಸುವ ಷರತ್ತಿನ ಮೇಲೆ, ಅದೂ ಪಾಸಾಯಿತು. ಊರಂಚಿನ ಹೊಸ ಮನೆಗಳ ವಿಚಾರಕ್ಕೆ ಬರುವಷ್ಟರಲ್ಲಿ ಚಹಾ ಬಂದುಬಿಟ್ಟಿತು. ಮನೆಯಿಲ್ಲದವರು ಇಷ್ಟು ದಿನ ಕಾದವರು ಇನ್ನಷ್ಟು ದಿನ ಕಾಯಬಲ್ಲರೆಂದು ಅದನ್ನು ಮುಂದಿನ ಸಭೆಗೆ ಬಿಟ್ಟರು. ಹಿಂದಿನ ಬೆಂಚಿನಲ್ಲಿ ಮಗುವನ್ನು ಎತ್ತಿಕೊಂಡು ಕುಳಿತಿದ್ದ ಹೆಂಗಸೊಬ್ಬಳು ಎದ್ದು ಹೊರಗೆ ಹೋದಳು. ಕ್ಷೌರಿಕನಿಗೆ ತನ್ನ ಸಂತೋಷ ಒಂದು ಕಡೆ ಚುಚ್ಚಿತು.

ಹೊರಗೆ ಮೆಟ್ಟಿಲ ಮೇಲೆ ಮೀಸೆ ಅವನ ತೋಳು ಹಿಡಿದ.

“ನಿನ್ನ ಮನೆ ಉಳಿಸಿದೀನಿ. ಈಗ ನೀನು ನಮ್ಮನೆ ತನಕ ಬರಬೇಕು.”

“ಯಾಕೆ?”

“ನನ್ನ ಹೆಂಡತಿ ಈ ಮುಖಕ್ಕೆ ಬಾಗಿಲು ತೆಗೀತಾಳೆ ಅಂದ್ಕೊಂಡ್ಯಾ? ಮೀಸೆ ನೋಡೇ ಮದುವೆ ಆದೋಳು ಅವಳು. ಬಂದು ಸಾಕ್ಷಿ ಹೇಳು.”

ಬಾಗಿಲು ತೆಗೆದ ಹೆಂಗಸು ಗಂಡನ ಬೋಳು ಮುಖವನ್ನು ನೋಡುತ್ತಾ ಬಹಳ ಹೊತ್ತು ನಿಂತಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?” ಎಂದು ಕೇಳಿ, ಕೈ ಚಾಚಿ ಗಂಡನ ಮೇಲ್ದುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಊರಿಗೆಲ್ಲ ಭಾಷಣ ಮಾಡುವ ಮನುಷ್ಯ ಮಾತಿಲ್ಲದೆ ನಾಚಿಕೊಂಡ. ಸಾಕ್ಷಿ ಹೇಳುವುದಕ್ಕೆಂದು ಬಂದವನು ಏನನ್ನೂ ಹೇಳಬೇಕಾಗಲಿಲ್ಲ. ಅವರಿಬ್ಬರಿಗೂ ತಾನಲ್ಲಿ ನಿಂತಿರುವುದೇ ಮರೆತಿದೆಯೆಂದು ಕಂಡು, ಕ್ಷೌರಿಕ ಮೆಲ್ಲಗೆ ಗೇಟು ಮುಚ್ಚಿಕೊಂಡು ಹೊರಟ.

ದಾರಿಯಲ್ಲಿ ದೇವರೊಡನೆ ಎರಡು ಮಾತಾಡಿದ.

“ಕೆಲಸ ಆಯ್ತು, ಇಲ್ಲ ಅನ್ನಲ್ಲ. ನೀನು ಮಾಡಿಕೊಟ್ಟ ರೀತಿ ಮಾತ್ರ ನನಗೆ ಹಿಡಿಸಲಿಲ್ಲ. ಇಷ್ಟಕ್ಕೆ ಆ ಬಡಪಾಯಿ ಮೀಸೆ ಬೇಕಾಗಿತ್ತಾ? ಆ ಮಗುವಿನ ತಾಯಿಗೆ ಏನು ಹೇಳ್ತೀಯಾ? ಯೋಚನೆ ಮಾಡಿಡು. ನಾಳೆ ಬೆಳಿಗ್ಗೆ ಕೇಳ್ತೀನಿ.”

ಚೌಕಕ್ಕೆ ಬಂದಾಗ ಸಂಜೆಯ ಬಿಸಿಲು ಸಾಲುಮನೆಗಳ ಮೇಲೆ ಬಿದ್ದಿತ್ತು. ಗಿಲಾವು ಉದುರಿದ, ಕಿಟಕಿಗಳು ಸೊಟ್ಟಗಾದ, ಯಾರೂ ಚೆಂದವೆನ್ನದ ಸಾಲು. ನಾದಿನಿ ತನ್ನ ಅಂಗಡಿಯ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಸಭೆಯ ಕಥೆ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ಮೀಸೆ ಬಿದ್ದ ಸದ್ದಿಗೆ ಬೆಕ್ಕು ಓಡಿಹೋಗಿತ್ತು. ಕ್ಷೌರಿಕ ಮೇಲೆ ಹೋದ. ಒಲೆ ಹಚ್ಚಿ ನೀರಿಟ್ಟ. ಕೋಣೆ ಖಾಲಿಯಾಗಿಯೇ ಇತ್ತು. ಉಳಿದದ್ದು ಮನೆಯೇ ಹೊರತು ಅವಳಲ್ಲ ಎಂಬುದು, ಇಷ್ಟು ದಿನದ ಓಡಾಟದಲ್ಲಿ ಎದುರು ನಿಂತು ನೋಡಲು ಬಿಡುವಿರದಿದ್ದ ಸಂಗತಿ, ಈಗ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತುಕೊಂಡಿತು. ಅವನು ಅದನ್ನು ಎದ್ದು ಹೋಗೆನ್ನಲಿಲ್ಲ.

ಕೆಳಗೆ ಚೌಕದಲ್ಲಿ ಏನೋ ಗದ್ದಲ ಕೇಳಿಸಿತು. ಕಾರಂಜಿ ಆಗಲೇ ಇಬ್ಬರು ಕೆಲಸಗಾರರನ್ನು ಕರೆತಂದು, ಹಗ್ಗ ಹಿಡಿಸಿ, ನೆಲದ ಮೇಲೆ ಸುಣ್ಣದ ಪುಡಿಯಿಂದ ದುಂಡಗೆ ಗೆರೆ ಹಾಕಿಸುತ್ತಿದ್ದ. ಗೆರೆ ಬೆಳೆಯುತ್ತಾ ಬೆಳೆಯುತ್ತಾ ಕ್ಷೌರದಂಗಡಿಯ ಹೊಸ್ತಿಲಿನ ಹತ್ತಿರಕ್ಕೇ ಬರುತ್ತಿತ್ತು.

“ಇನ್ನೂ ಸ್ವಲ್ಪ ಆ ಕಡೆ!” ಎನ್ನುತ್ತಿದ್ದ ಕಾರಂಜಿ. “ನೀರು ಚಿಮ್ಮಿದ್ರೆ ಅಂಗಡಿ ಬಾಗಿಲಿಗೆ ಹನಿ ಬೀಳಲಿ, ಗಿರಾಕಿಗಳಿಗೆ ತಂಪು!”

ಬೀದಿಯೊಡನೆ ಜಗಳವಾಡುವುದು ಆ ಮನೆಯಲ್ಲಿ ಎಂದೂ ಕ್ಷೌರಿಕನ ಕೆಲಸವಾಗಿರಲಿಲ್ಲ. ಕಸ ಸುರಿದವರು, ಗಾಡಿ ಅಡ್ಡ ನಿಲ್ಲಿಸಿದವರು, ಗೋಡೆಗೆ ಒರಗಿ ಬೀಡಿ ಸೇದಿದವರು, ಎಲ್ಲರಿಗೂ ಕಿಟಕಿಯಿಂದ ಉತ್ತರ ಹೇಳುತ್ತಿದ್ದವಳು ಅವಳು. ಅವನು ಕೆಳಗೆ ಕತ್ತಿ ಹಿಡಿದು ತನಗೇನೂ ಕೇಳಿಸದವನ ಹಾಗೆ ಇರುತ್ತಿದ್ದ. ಈಗ ಅವನು ಯಾರಾದರೂ ಎದ್ದು ಹೋಗಿ ಬೈಯಲಿ ಎಂದು ಸ್ವಲ್ಪ ಹೊತ್ತು ಕಾದ. ಯಾರೂ ಎದ್ದು ಹೋಗಲಿಲ್ಲ. ಸುಣ್ಣದ ಗೆರೆ ಹೊಸ್ತಿಲನ್ನು ಮುಟ್ಟಿತು.

ಕ್ಷೌರಿಕ ಎದ್ದು ಕಿಟಕಿಯ ಹತ್ತಿರ ಹೋಗಿ, ಎರಡೂ ರೆಕ್ಕೆಗಳನ್ನು ಧಡಾರನೆ ತೆರೆದು, ಅರ್ಧ ಮೈ ಹೊರಗೆ ಚಾಚಿದ.

“ಲೋ ಕಾರಂಜೀ! ನಿನ್ನ ನೀರಿನ ಒಂದು ಹನಿ ನನ್ನ ಬಾಗಿಲಿಗೆ ಬಿದ್ರೆ, ಮುಂದಿನ ಸಲ ನೀನು ನನ್ನ ಕುರ್ಚೀಲಿ ಕೂತಾಗ ಹುಬ್ಬು ಎರಡನ್ನೂ ತೆಗೆದು ಕಳಿಸ್ತೀನಿ! ಆಮೇಲೆ ನೀನು ಯಾರು ಅಂತ ಸಭೇಲಿ ಮತಕ್ಕೆ ಹಾಕ್ಸು! ಹಿಂದಕ್ಕೆ! ಇನ್ನೂ ಹಿಂದಕ್ಕೆ!”

ಚೌಕದಲ್ಲಿದ್ದವರೆಲ್ಲ ತಲೆ ಎತ್ತಿದರು. ನಾದಿನಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಕೆಲಸಗಾರರು ಹಗ್ಗ ಹಿಡಿದು ಹಿಂದಕ್ಕೆ ಸರಿದರು. ಕಾರಂಜಿ ಹುಬ್ಬಿನ ಮೇಲೆ ಕೈ ಇಟ್ಟುಕೊಂಡು ತಾನೂ ಹಿಂದಕ್ಕೆ ಹೋದ.

ಕಿಟಕಿ ಮುಚ್ಚಲು ಹೋದ ಕ್ಷೌರಿಕ ಮುಚ್ಚಲಿಲ್ಲ. ಗೆರೆ ಒರೆಸಿ ಬೇರೆ ಹಾಕುವ ತನಕ ಇಲ್ಲೇ ನಿಂತಿದ್ದು ನೋಡಬೇಕು, ಇವರನ್ನು ನಂಬುವಂತಿಲ್ಲ ಎಂದು ಮೊಣಕೈಗಳನ್ನು ಕಿಟಕಿಯ ಮೇಲೆ ಊರಿಕೊಂಡು ನಿಂತ. ಒಳಗೆ ಒಲೆಯ ಮೇಲೆ ನೀರು ಕುದಿಯತೊಡಗಿತ್ತು. ಅದು ಕುದಿಯುತ್ತಿರಲಿ ಎಂದು ಬಿಟ್ಟ.